ಹಚ್ಚೆಯ ಒಡೆಯನಾರು?

ಸತ್ತ ಮೇಲೆ ಮನುಷ್ಯನ ಸಂಗಡ ಬರತಕ್ಕುದು ಹಚ್ಚೆಯೊಂದೇ ಎಂಬುದು ಕನ್ನಡನಾಡಿನ ಹಳೆಯ ಹೆಂಗಸರ ನಂಬಿಕೆ. ಒಡವೆಗಳು ಮಕ್ಕಳ ಪಾಲಾಗುವುವು, ಹೊಲಮನೆಗಳನ್ನು ದಾಯಾದಿಗಳು ಹಂಚಿಕೊಳ್ಳುವರು. ಕೊರವಂಜಿಯು ಮುಂಗೈಯ ಮೇಲೆ ಚುಚ್ಚಿದ ತುಳಸಿಕಟ್ಟೆಯನ್ನು ಮಾತ್ರ ಯಾರೂ ಕಿತ್ತುಕೊಳ್ಳಲಾರರು. ಈ ಮಾತಿನಲ್ಲಿ ಒಂದು ತತ್ತ್ವವಡಗಿದೆ. ಮೈಯಲ್ಲಿ ಬೆರೆತುಹೋದ ಗುರುತು ಮನುಷ್ಯನ ಸ್ವತ್ತಲ್ಲ, ಆ ಮನುಷ್ಯನೇ ಎಂಬುದು ಅದು. ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೋರಿ ಜನರ ಚರಿತ್ರೆಯು ಈ ತತ್ತ್ವವನ್ನು ಕಠೋರವಾಗಿ ಪರೀಕ್ಷಿಸಿತು.

ಮಾವೋರಿಗಳು ತಮ್ಮ ಹಚ್ಚೆಯನ್ನು ಮೋಕೋ ಎನ್ನುವರು. ಹಿಂದಿನ ಕಾಲದಲ್ಲಿ ಅದನ್ನು ಸೂಜಿಯಿಂದ ಚುಚ್ಚುತ್ತಿರಲಿಲ್ಲ. ಆಲ್ಬಟ್ರಾಸ್ ಎಂಬ ಕಡಲಹಕ್ಕಿಯ ಮೂಳೆಯ ಪುಟ್ಟ ಉಳಿಯನ್ನು ಮುಖದ ಮೇಲಿರಿಸಿ ಬಡಿದು, ಮರದ ಕೆತ್ತನೆಯಲ್ಲಿರುವಂತೆ ಗೀರುಗಳನ್ನು ಕೊರೆದು, ಮಸಿಯನ್ನು ತುಂಬುತ್ತಿದ್ದರು. ಬಾಯಿ ಬಾತುಹೋದವನಿಗೆ ಚಿತ್ರ ಕೆತ್ತಿದ ಮರದ ಲಾಳಿಕೆಯಿಂದ ಆಹಾರವನ್ನು ಹೊಯ್ಯಬೇಕಾಗುತ್ತಿತ್ತು. ಇಷ್ಟು ನೋವನ್ನುಂಡು ಪಡೆದ ರೇಖೆಗಳು ಬರಿಯ ಅಲಂಕಾರವಾಗಿರಲಿಲ್ಲ. ಬಲ್ಲವರು ಅವುಗಳಲ್ಲಿ ವಂಶವನ್ನೂ ಪದವಿಯನ್ನೂ ಓದುತ್ತಿದ್ದರು. ಆಂಗ್ಲರೊಡನೆ ಮಾಡಿಕೊಂಡ ಪತ್ರಗಳಲ್ಲಿ ಕೆಲವು ನಾಯಕರು ರುಜುವಿಗೆ ಬದಲಾಗಿ ಮುಖದ ರೇಖೆಗಳನ್ನೇ ಬರೆದಿದ್ದಾರೆ. 1820ರ ದಶಕದಲ್ಲಿ ಇಂಗ್ಲೆಂಡಿಗೆ ಹೋಗಿದ್ದ ತೇ ಪೇಹಿ ಕೂಪೆ ಎಂಬ ನಾಯಕನು ಕನ್ನಡಿಯ ನೆರವಿಲ್ಲದೆ ತನ್ನ ಮೋಕೋವಿನ ಗೆರೆಗಳನ್ನೆಲ್ಲ ಕಾಗದದ ಮೇಲೆ ಬರೆದು ತೋರಿಸಿದನು. ಅಕ್ಷರ ಬಲ್ಲವನಿಗೆ ತನ್ನ ಹೆಸರನ್ನು ಬರೆಯಲು ಕನ್ನಡಿ ಬೇಕೆ?

ಪ್ರಿಯನಾದ ನಾಯಕನು ಮಡಿದರೆ ಅವನ ತಲೆಯನ್ನು ಹೊಗೆಯಲ್ಲಿಯೂ ಬಿಸಿಲಿನಲ್ಲಿಯೂ ಒಣಗಿಸಿ ಕಾಪಾಡುತ್ತಿದ್ದರು. ಬಂಧುಗಳು ತಕ್ಕ ಸಮಯಗಳಲ್ಲಿ ಅದನ್ನು ಹೊರತಂದು ಶೋಕಿಸುತ್ತಿದ್ದರು. ವೈರಿಯ ತಲೆಯನ್ನು ಇಡುತ್ತಿದ್ದುದು ಹಂಗಿಸುವುದಕ್ಕಾಗಿ. ಆದರೂ ಸಂಧಿಯ ಕಾಲದಲ್ಲಿ ಹಿಂದಿರುಗಿಸಲು ಅದು ಒದಗುತ್ತಿತ್ತು. 1770ರಲ್ಲಿ ಕುಕ್ ನಾವಿಕನ ಸಂಗಡಿಗನಾದ ಜೋಸೆಫ್ ಬ್ಯಾಂಕ್ಸ್ ಒಂದು ಹಳೆಯ ಇಜಾರವನ್ನು ಕೊಟ್ಟು ಒಂದು ತಲೆಯನ್ನು ಪಡೆದನು. ಮುಂದೆ ಕುಲಕುಲಗಳ ಯುದ್ಧಗಳಲ್ಲಿ ಬಂದೂಕಿಲ್ಲದವರಿಗೆ ಉಳಿವಿಲ್ಲವೆಂದಾದಾಗ, ತಲೆಗೆ ಬಂದೂಕನ್ನು ಕೊಳ್ಳುವ ವ್ಯಾಪಾರವು ಬೆಳೆಯಿತು. ಕೊಳ್ಳುವವರಿಗೆ ಬೇಕಾದದ್ದು ರೇಖೆಗಳುಳ್ಳ ತಲೆ. ಆದಕಾರಣ ಗುಲಾಮರ ಮುಖದಲ್ಲಿ ಮೋಕೋ ಕೊರೆದು, ಬಳಿಕ ಕೊಂದು ಮಾರಿದುದೂ ಉಂಟು. 1831ರಲ್ಲಿ ನ್ಯೂ ಸೌತ್ ವೇಲ್ಸಿನ ಗವರ್ನರ್ ಡಾರ್ಲಿಂಗ್ ಈ ವ್ಯಾಪಾರವನ್ನು ನಿಷೇಧಿಸಿದನು.

ಕೊಂಡವನೇ ಪಾಪಿ, ಮಾರಿದವನು ನಿರ್ದೋಷಿ ಎಂದು ಹೇಳಿ ಮುಗಿಸುವುದು ಸುಲಭ, ನ್ಯಾಯವಲ್ಲ. ಆದರೆ ಮಾರಿದವನ ಬೆನ್ನ ಹಿಂದೆ ಸಾವಿನ ಭಯವಿತ್ತು, ಕೊಂಡವನ ಮುಂದೆ ಗಾಜಿನ ಪೆಟ್ಟಿಗೆಯಿತ್ತು. ಎರಡು ಅಪರಾಧಗಳ ತೂಕವೂ ಒಂದೇ ಆಗಲಾರದು. ಸಂಗ್ರಹಕಾರರು ವಿದ್ಯೆಯ ಹೆಸರನ್ನು ಹೇಳುವುದುಂಟು. ಆಂಗ್ಲ ಸೇನಾಧಿಕಾರಿಯಾದ ಹೊರೇಷಿಯೋ ರೋಬ್ಲಿಯು ಮೂವತ್ತಕ್ಕೂ ಹೆಚ್ಚು ತಲೆಗಳನ್ನು ಕೂಡಿಹಾಕಿ, 1896ರಲ್ಲಿ ಮೋಕೋವನ್ನು ಕುರಿತು ಒಂದು ಗ್ರಂಥವನ್ನೂ ಪ್ರಕಟಿಸಿದನು. ಗ್ರಂಥವು ಉಪಯುಕ್ತವಾದುದೇ, ಸಂದೇಹವಿಲ್ಲ. ಆದರೆ ರೋಬ್ಲಿಯು ಸ್ವತಃ ನುರಿತ ಚಿತ್ರಕಾರ. ರೇಖೆಗಳ ಜ್ಞಾನಕ್ಕೆ ಕಾಗದವೂ ಲೇಖನಿಯೂ ಸಾಕೆಂಬುದನ್ನು ತೇ ಪೇಹಿಯು ಅವನಿಗಿಂತ ಎಷ್ಟೋ ಮೊದಲೇ ತೋರಿಸಿಕೊಟ್ಟಿದ್ದನು. ಕಾಗದದ ಮೇಲೆ ಒಡೆಯನು ತಾನಾಗಿ ಕೊಟ್ಟುದು ವಿದ್ಯೆ. ಕತ್ತಿನಿಂದ ಬೇರ್ಪಡಿಸಿ ತಂದುದು ಸರಕು.

ರೋಬ್ಲಿಯ ಸಂಗ್ರಹದ ಬಹುಭಾಗವನ್ನು 1907ರಲ್ಲಿ ನ್ಯೂಯಾರ್ಕಿನ ಪ್ರಕೃತಿಚರಿತ್ರೆಯ ವಸ್ತುಸಂಗ್ರಹಾಲಯವು ಕೊಂಡಿತು. 2014ರಲ್ಲಿ ಅದು ತವರಿಗೆ ಮರಳಿತು. ಅಷ್ಟರೊಳಗೆ ಮೋಕೋ ಕಲೆಯೂ ಪುನಃ ಚಿಗುರಿತ್ತು. 2020ರಲ್ಲಿ ಆ ದೇಶದ ವಿದೇಶಾಂಗ ಮಂತ್ರಿಣಿಯಾದ ನನಾಯಾ ಮಹೂತಾರ ಗಲ್ಲದ ಮೇಲೆ ಲೋಕವೆಲ್ಲ ಅದನ್ನು ಕಂಡಿತು. ಮರಳಿದ ತಲೆಗಳನ್ನು ವೆಲಿಂಗ್ಟನ್ನಿನ ತೇ ಪಾಪಾ ವಸ್ತುಸಂಗ್ರಹಾಲಯದಲ್ಲಿ ಯಾರಿಗೂ ಪ್ರದರ್ಶಿಸುವುದಿಲ್ಲ. ಅವುಗಳಿಗೆ ಪ್ರತ್ಯೇಕವಾದ ಪವಿತ್ರಸ್ಥಾನವುಂಟು. ಕುಲವು ತಿಳಿದುಬಂದರೆ ಕುಲದವರಿಗೆ ಒಪ್ಪಿಸುವುದು ಅಲ್ಲಿಯ ಉದ್ದೇಶ. ಎಷ್ಟೋ ತಲೆಗಳ ಕುಲ ತಿಳಿದಿಲ್ಲ. ಮಾರಾಟಕ್ಕೆಂದೇ ಕೊರೆದ ಮುಖವು ಯಾವ ವಂಶದ ಹೆಸರನ್ನು ಹೇಳೀತು? ಆದರೂ ಹಡಗಿನಲ್ಲಿ ಹೋಗಿ ವಿಮಾನದಲ್ಲಿ ಬಂದ ಈ ತಲೆಗಳನ್ನು ಎದುರುಗೊಳ್ಳುವ ಮಾವೋರಿ ಹೆಂಗಸರು, ಇದು ನಾಯಕನದೋ ಗುಲಾಮನದೋ ಎಂದು ವಿಚಾರಿಸುವುದಿಲ್ಲ. ಪೂರ್ವಿಕರೇ ಬಂದರೆಂದು ದನಿಯೆತ್ತಿ ಕರೆಯುತ್ತಾರೆ.