ಆ ಮೂವತ್ತು ಪರ್ಸೆಂಟ್

ಹೋದ ತಿಂಗಳು ಅಕ್ಕನ ಮಗ ಗಂಗಾವತಿಯಿಂದ ವಾಟ್ಸಾಪ್‌ನಲ್ಲಿ ರೆಸ್ಯೂಮೆ ಕಳಿಸಿದ. ಕಂಪ್ಯೂಟರ್ ಸೈನ್ಸ್ ಮೂರನೇ ವರ್ಷ. ಸಾಫ್ಟ್‌ವೇರ್ ಕಂಪನಿ ಬೇಡವಂತೆ, ಬ್ಯಾಂಕು ಅಥವಾ ಟ್ರೇಡಿಂಗ್ ಕಂಪನಿಯಲ್ಲಿ ಇಂಟರ್ನ್‌ಶಿಪ್ ಬೇಕಂತೆ. "ಮಾಮಾ, ಸ್ವಲ್ಪ ಚಲೋ ಮಾಡಿಕೊಡು" ಅಂತ ಒಂದು ಸಾಲು. ಬೆಂಗಳೂರಿನಲ್ಲಿ ಹತ್ತು ವರ್ಷದಿಂದ ಇದೇ ಲೈನಿನಲ್ಲಿರೋ ನನಗೆ ಅದೇನು ದೊಡ್ಡ ಕೆಲಸ ಅನಿಸಲಿಲ್ಲ.

ಎಲ್ಲರ ರೆಸ್ಯೂಮೆಯಲ್ಲಿ ಇರೋದೇ ಅವನದರಲ್ಲೂ ಇತ್ತು. ಪೈಥಾನ್, ಎಸ್‌ಕ್ಯೂಎಲ್, ಷೇರಿನ ಬೆಲೆ ಊಹಿಸೋ ಒಂದು ಪ್ರಾಜೆಕ್ಟು. ಕೇಳಿದರೆ, ಪ್ರಾಜೆಕ್ಟು ಗಿಟ್‌ಹಬ್‌ನಿಂದ ಎತ್ತಿದ್ದು.

"ಇದನ್ನ ತೆಗಿ. ರಜೆಯೊಳಗ ಏನ್ ಮಾಡ್ತಿ?"

"ಏನಿಲ್ಲ ಮಾಮಾ. ಗಂಜ್‌ನಾಗ ಕಾಕಾನ ದಲಾಲಿ ಅಂಗಡ್ಯಾಗ ಕೂಡ್ತೀನಿ."

ಕೆದಕಿದಾಗ ವಿಷಯ ಹೊರಗೆ ಬಂತು. ನಮ್ಮ ಕಡೆ ಭತ್ತದ ರೇಟು ನಡೆಯೋದು 75 ಕೆಜಿ ಚೀಲದ ಮೇಲೆ, ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್ ಮೇಲೆ. ತೂಕ, ತೇವಾಂಶ, ಹಮಾಲಿ, ಮುಂಗಡ ಕೊಟ್ಟಿದ್ದರ ಬಡ್ಡಿ ಎಲ್ಲ ನೋಡಿ, ರೈತನ ಕೈಗೆ ಎಷ್ಟು ಅಂತ ಚೀಟಿ ಬರೀಬೇಕು. ಹುಡುಗ ಅದಕ್ಕೊಂದು ಪೈಥಾನ್ ಪ್ರೋಗ್ರಾಂ ಬರೆದಿದ್ದ. ಬ್ಯಾಂಕಿನಲ್ಲಿ ನಾವು ಟೈ ಕಟ್ಟಿಕೊಂಡು 'ಸೆಟಲ್‌ಮೆಂಟ್' ಅನ್ನೋದು ಇದನ್ನೇ. ಇದನ್ನ ಹಾಕೋಕೆ ಅವನಿಗೆ ನಾಚಿಕೆ, ಕದ್ದ ಪ್ರಾಜೆಕ್ಟಿಗೆ ನಾಚಿಕೆ ಇಲ್ಲ!

ನಾನೇ ಚಂದದ ಇಂಗ್ಲಿಷಿನಲ್ಲಿ ಬರೆದುಕೊಟ್ಟೆ. ಕೊನೆಗೆ, 'ಲೆಕ್ಕದ ತಪ್ಪು 30 ಪರ್ಸೆಂಟ್ ಕಡಿಮೆಯಾಯಿತು' ಅಂತ ಸೇರಿಸಿದೆ. ನಂಬರ್ ಇಲ್ಲದ ಸಾಲನ್ನ ಯಾರು ಓದ್ತಾರೆ?

ರಾತ್ರಿ ಫೋನ್ ಬಂತು. "ಮಾಮಾ, ಈ 30 ಎಲ್ಲಿಂದ ಬಂತು?"

"ಸುಮ್ನ ಹಾಕೀನಿ. ಎಲ್ಲಾರೂ ಹಾಕ್ತಾರ."

"ಕಾಕಾ ತೂಕದ ಚೀಟಿಯೊಳಗ ಹಿಂಗ ಸುಮ್ನ ಒಂದು ನಂಬರ್ ಹಾಕಿದ್ರ ಮಂದಿ ಏನಂತಿದ್ರು?"

ನಾನು ಮಾತು ಬದಲಿಸಿ ಫೋನ್ ಇಟ್ಟೆ. ನಿದ್ದೆ ಬರಲಿಲ್ಲ, ವಕಾಲತ್ತು ಶುರುವಾಯ್ತು. ಬೆಂಗಳೂರಿನ ಹುಡುಗರಿಗೆ ಅಪ್ಪನ ಗೆಳೆಯರೇ ಇಂಟರ್ನ್‌ಶಿಪ್ ಕೊಡಿಸ್ತಾರೆ. ನಮ್ಮಲ್ಲೇ ನೋಡಿ, ತುಂಗಭದ್ರಾ ಎಡದಂಡೆ ಕಾಲುವೆ ಗಂಗಾವತಿಗೆ ನೀರು ಕೊಟ್ಟಿತು. ನಮ್ಮ ಕುಷ್ಟಗಿ, ಪಕ್ಕದ ಯಲಬುರ್ಗಾ ಮಳೆಯ ದಾರಿ ನೋಡ್ತಾ ಉಳಿದವು. ಎಲ್ಲರೂ ಒಂದೇ ಗೆರೆಯಿಂದ ಓಡ್ತಿಲ್ಲ ಅಂದಮೇಲೆ, ಹಿಂದೆ ಇರೋನು ಎರಡು ಹೆಜ್ಜೆ ಮುಂದೆ ಬಂದು ನಿಂತರೆ ತಪ್ಪೇನು?

ಈ ವಾದದಲ್ಲಿ ಹುರುಳಿದೆ. ಆದರೆ ಆ 30 ಯಾರನ್ನ ಹಿಂದೆ ತಳ್ಳುತ್ತೆ? ಅಪ್ಪನಿಗೆ ಗೆಳೆಯರಿರೋ ಹುಡುಗನ ಜಾಗ ಭದ್ರ. ಜಾಗ ಕಳಕೊಳ್ಳೋದು, ಇದ್ದದ್ದನ್ನ ಇದ್ದಂಗೆ ಬರೆದು ಯಲಬುರ್ಗಾದಿಂದ ಅರ್ಜಿ ಹಾಕಿರೋ ಯಾವುದೋ ಹುಡುಗಿ.

ಇನ್ನೊಂದು ಮಾತು. ಅವನು ಕೇಳ್ತಿರೋದು ಮಂದಿಯ ದುಡ್ಡಿನ ಲೆಕ್ಕ ಇಡೋ ಕೆಲಸ. 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್‌ನ ರಾಮಲಿಂಗ ರಾಜು ಪತ್ರ ಬರೆದು, ಲೆಕ್ಕಪತ್ರದಲ್ಲಿ ತೋರಿಸಿದ ನಗದಿನಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಅಂತ ಒಪ್ಪಿಕೊಂಡರು. ಮೊದಲು ಅಂತರ ಸಣ್ಣದಿತ್ತು, ವರ್ಷ ಹೋದಂತೆ ಬೆಳೀತು ಅಂತಲೂ ಅದರಲ್ಲಿತ್ತು. ಸಣ್ಣದಿದ್ದಾಗ ಅವರಿಗೂ ಅದು 'ಸುಮ್ನ' ಹಾಕಿದ ನಂಬರೇ ಆಗಿದ್ದಿರಬೇಕು.

ಹಾಗಾದರೆ ರೆಸ್ಯೂಮೆ ತಿದ್ದೋದೇ ತಪ್ಪಾ? ಇಲ್ಲ. ದಲಾಲಿ ಅಂಗಡಿಯ ಕೆಲಸಕ್ಕೆ ಬ್ಯಾಂಕಿನವರಿಗೆ ತಿಳಿಯೋ ಹೆಸರು ಕೊಡೋದು ತಿದ್ದುವಿಕೆ. ಆಗದೇ ಇದ್ದದ್ದನ್ನ ಸೇರಿಸೋದು ಸುಳ್ಳು. ಅನುಮಾನ ಬಂದರೆ ನನ್ನದೊಂದು ಪರೀಕ್ಷೆ: ಆ ಸಾಲನ್ನ ಕನ್ನಡದಲ್ಲಿ ಗಂಜ್‌ನ ನಡುವೆ ನಿಂತು ಓದಬೇಕು. ಚೀಲ ಹೊತ್ತ ಹಮಾಲರು, ದುಡ್ಡು ಎಣಿಸಿಕೊಂಡ ರೈತರು 'ಹೌದು' ಅನ್ನಬೇಕು.

ಮರುದಿನ ಕೇಳಿದೆ, "ಖರೇ ನಂಬರ್ ಎಷ್ಟು?" ಅವನು ಎರಡು ದಿನ ಕೂತು ಒಂದು ಸುಗ್ಗಿಯ ಹಳೇ ಚೀಟಿಗಳನ್ನೆಲ್ಲ ಪ್ರೋಗ್ರಾಂನಲ್ಲಿ ಹಾಕಿ ನೋಡಿದ. 412 ಚೀಟಿಯಲ್ಲಿ 7 ತಪ್ಪು. ಅಷ್ಟನ್ನೇ ಬರೆದ. ಇವತ್ತಿನವರೆಗೆ ಯಾವ ಕಂಪನಿಯಿಂದಲೂ ಉತ್ತರ ಬಂದಿಲ್ಲ.

ನನ್ನ ಲಿಂಕ್ಡ್‌ಇನ್‌ನಲ್ಲೂ ಎಂಟು ವರ್ಷದಿಂದ ಒಂದು '40 ಪರ್ಸೆಂಟ್' ಕೂತಿತ್ತು. ಎಲ್ಲಿಂದ ಬಂತು ಅಂತ ನನ್ನನ್ನ ಯಾರೂ ಕೇಳಿರಲಿಲ್ಲ. ಅದನ್ನ ಅಳಿಸಿದೆ.