ಹಿತ್ತಲ ಫಲವೂ ಸ್ವತ್ವವಿಚಾರವೂ

ಗೃಹಸ್ಥನು ತನ್ನ ಹಿತ್ತಲಿನಲ್ಲಿ ಬೆಳೆದುದನ್ನು ‘ನನ್ನದು’ ಎನ್ನುವನಷ್ಟೆ. ಆ ಮಾತಿಗೆ ಆಧಾರವೇನು? ಪ್ರಶ್ನೆಯು ಕ್ಷುಲ್ಲಕವೆಂದು ವಾಚಕ ಮಹಾಶಯರಿಗೆ ತೋರಬಹುದು. ಈ ವೈಶಾಖದ ವರೆಗೆ ನನಗೂ ಹಾಗೆಯೇ ತೋರುತ್ತಿದ್ದಿತು.

ನಮ್ಮ ದಕ್ಷಿಣ ಕನ್ನಡದ ಮನೆಗಳಲ್ಲಿ ಬೇಸಗೆಯ ತರಕಾರಿಯೆಂದರೆ ಬಹುಮಟ್ಟಿಗೆ ಮಳೆಗಾಲದ ಸಂಗ್ರಹವೆಂದೇ ಅರ್ಥ. ಮಕರಮಾಸದ ಸುಮಾರಿಗೆ ಸೌತೆ, ಕುಂಬಳ, ಚೀನಿಕಾಯಿ, ಅಲಸಂಡೆ, ಬೆಂಡೆಗಳ ಬೀಜವನ್ನೂರಿ, ಬೂದಿ ಹಟ್ಟಿಗೊಬ್ಬರಗಳನ್ನಿಟ್ಟು, ಎರಡು ಹೊತ್ತೂ ನೀರೆರೆದು ಸಾಕುವುದು. ಜೂನ್ ತಿಂಗಳ ಮೊದಲ ಮಳೆಗೆ ಮುನ್ನ ಕೊಯ್ದು ಮುಗಿಸುವುದು. ಬೆಂಡೆ ಅಲಸಂಡೆಗಳು ಅಂದಂದಿಗೆ ತೀರುವುವು. ಘಟ್ಟದ ಮೇಲಣವರು ಮಂಗಳೂರು ಸೌತೆಯೆನ್ನುವ ಬಲಿತ ಕಾಯಿಯ ರೀತಿ ಬೇರೆ. ಸಿಪ್ಪೆಗೆ ಗಾಯವಾಗದಂತೆ ತೊಟ್ಟಿನೊಡನೆ ಕೊಯ್ದು, ಒಂದಕ್ಕೊಂದು ತಾಗದ ಹಾಗೆ ಬಾಳೆಯ ನಾರಿನಿಂದ ಕಟ್ಟಿ, ಮಾಡಿನ ಅಡ್ಡಮರಕ್ಕೆ ತೂಗಹಾಕಿದರೆ ತಿಂಗಳುಗಟ್ಟಲೆ ಕೆಡದು. ಆಟಿಯ ಜಡಿಮಳೆಯಲ್ಲಿ ಹಿತ್ತಲು ಬರಿದಾಗಿರುವಾಗ ಹುಳಿಗೆ ಅದೇ ಗತಿ. ಈ ವರುಷ ನಮ್ಮಲ್ಲಿ ಹಾಗೆ ತೂಗಿದುವು 64 ಕಾಯಿಗಳು, ಎಣಿಸಿದವಳು ಮೊಮ್ಮಗಳು.

ಅದೇ ಬೇಸಗೆಯಲ್ಲಿ ನೆರೆಮನೆಯ ಬಾವಿ ಬತ್ತಿತು. ಆ ಮನೆಯ ವೃದ್ಧೆಯು ಕೊಡಪಾನವನ್ನು ಸೊಂಟದಲ್ಲಿಟ್ಟುಕೊಂಡು ನಮ್ಮ ಬಾವಿಗೆ ಬರತೊಡಗಿದಳು. ಬೇಡವೆನ್ನಬಹುದೆಂಬ ಆಲೋಚನೆಯಾದರೂ ನಮ್ಮಲ್ಲಿ ಯಾರಿಗೂ ಹುಟ್ಟಲಿಲ್ಲ. ಬಾಯಾರಿದವರಿಗೆ ನೀರಿಲ್ಲವೆನ್ನುವ ಮನೆಯುಂಟೆ? ಆಕೆ ದಿನಕ್ಕೆ ಒಯ್ಯುತ್ತಿದ್ದುದು ನಾಲ್ಕು ಕೊಡ. ನಮ್ಮ ಪಂಪು ಸೌತೆಯ ಸಾಲಿಗೆ ಸುರಿಯುತ್ತಿದ್ದುದೆಷ್ಟೋ, ಲೆಕ್ಕವಿಟ್ಟವರಿಲ್ಲ. ರಾಟೆಯಿಂದ ಸೇದುತ್ತಿದ್ದ ಕಾಲದಲ್ಲಿ ತೋಳುಗಳಾದರೂ ಲೆಕ್ಕವಿಡುತ್ತಿದ್ದುವು.

ಇಲ್ಲಿ ನನ್ನ ಮನಸ್ಸು ಎಡವಿತು. ಸೌತೆಯ ತೂಕದಲ್ಲಿ 100ಕ್ಕೆ 90 ಪಾಲಿಗೂ ಮಿಕ್ಕು ನೀರೇ ಇರುವುದು. ಬಾವಿಯಲ್ಲಿರುವಾಗ ಯಾರಿಗೂ ಇಲ್ಲವೆನ್ನಲಾಗದ ವಸ್ತುವು ಸಿಪ್ಪೆಯೊಂದನ್ನು ಹೊದ್ದು ಅಡ್ಡಮರವನ್ನೇರಿದೊಡನೆ ನನ್ನದೇ ಆದುದು ಹೇಗೆ? ಶ್ರಮದಿಂದ ಎಂದು ಉತ್ತರ ಹೇಳಬಹುದು. ಶಾಲೆಯಲ್ಲಿ ಅನೇಕ ವರ್ಷ ಮಕ್ಕಳಿಗೆ ನಾನು ಹೇಳಿದುದೂ ಅದನ್ನೇ. ಆ ಉತ್ತರ ಸುಳ್ಳಲ್ಲ. ಆದರೆ ಪೂರ್ತಿಯೂ ಅಲ್ಲ. ಗುಂಡಿ ತೋಡಿದವನು ಕೂಲಿಯಾಳು, ಬೂದಿ ಹೊತ್ತವಳು ಮನೆಯಾಕೆ. ಸೌತೆಯ ಬಳ್ಳಿಯಲ್ಲಿ ಗಂಡುಹೂ ಕಾಯಿ ಕಟ್ಟುವ ಹೂ ಬೇರೆಬೇರೆ. ಪರಾಗವನ್ನು ದಾಟಿಸುವ ಜೇನ್ನೊಣವು ಬಾರದಿದ್ದರೆ ನನ್ನ ಶ್ರಮವೆಲ್ಲವೂ ಎಲೆಯಲ್ಲಿಯೇ ಮುಗಿಯುತ್ತಿದ್ದಿತು.

ಭಾಗವತದ ಏಳನೆಯ ಸ್ಕಂಧದಲ್ಲಿ ನಾರದನು ಯುಧಿಷ್ಠಿರನಿಗೆ ಗೃಹಸ್ಥಧರ್ಮವನ್ನು ಹೇಳುವಾಗ, ಹೊಟ್ಟೆ ತುಂಬುವಷ್ಟರಲ್ಲಿ ಮಾತ್ರ ದೇಹಿಗಳಿಗೆ ಸ್ವತ್ವವುಂಟು, ಮಿಕ್ಕುದನ್ನು ತನ್ನದೆನ್ನುವವನು ಕಳ್ಳನೆಂದು ತೀರ್ಪು ಕೊಡುತ್ತಾನೆ. ಪಾಠಶಾಲೆಯಲ್ಲಿ ಇದನ್ನು ಬಾಯಿಪಾಠ ಮಾಡುವಾಗ ನಮಗಾರಿಗೂ ಕಳವಳವಾಗಿರಲಿಲ್ಲ; ಆಗ ನಮ್ಮ ಬಳಿ ಮಿಕ್ಕುದೇನೂ ಇರಲಿಲ್ಲವಷ್ಟೆ! ಈಗ ಕೇಳಬೇಕೆನಿಸುತ್ತದೆ: ಯಾವ ಹೊಟ್ಟೆ? ಇಂದಿನದೊ, ಆಟಿಯದೊ? ಮಕ್ಕಳೊಂದಿಗನಾದವನು ಮುಂದಿನ ಎರಡು ಮೂರು ತಿಂಗಳನ್ನು ನೋಡಿಕೊಳ್ಳುವುದನ್ನು ಕಳವೆನ್ನಲು ನನಗೆ ಮನಸ್ಸೊಪ್ಪದು. ಕೂಡಿಡುವುದರಲ್ಲಿ ದೋಷವಿಲ್ಲವೆಂದೇ ನನ್ನ ಅಭಿಪ್ರಾಯ.

ಹಾಗೆಂದು ಸಮಾಧಾನಪಟ್ಟು ನಾನು ಆ ವೃದ್ಧೆಯ ಮನೆಗೆಂದು ಕಾಯಿಗಳನ್ನು ಬುಟ್ಟಿಗೆ ತುಂಬಿದೆನು. ಮೊಮ್ಮಗಳು ಬುಟ್ಟಿಯೊಳಗೆ ಇಣಿಕಿ, “ಅಜ್ಜಾ, ಅವರಿಗೆ ಯಾಕೆ ಬರೀ ಸೊಟ್ಟದ್ದು?” ಎಂದಳು. ನೋಡಿದರೆ ನಿಜ. ನುಸಿ ಚುಚ್ಚಿದುದು, ತೊಟ್ಟು ಮುರಿದುದು, ನೆಲದ ತೇವಕ್ಕೆ ಒಂದು ಮಗ್ಗುಲು ಮೆತ್ತಗಾದುದು, ಹೇಗೂ ತೂಗಹಾಕಿದರೆ ನಿಲ್ಲದಂಥವು. ನನ್ನ ಕೈ ನನ್ನನ್ನು ಕೇಳದೆಯೇ ಆರಿಸಿದ್ದಿತು. ಕಠೋಪನಿಷತ್ತಿನಲ್ಲಿ ವಾಜಶ್ರವಸನು ನೀರು ಕುಡಿದು ಮುಗಿದ, ಹುಲ್ಲು ತಿಂದು ಮುಗಿದ ಹಸುಗಳನ್ನು ದಾನಕ್ಕಟ್ಟುವಾಗ ಕುಮಾರ ನಚಿಕೇತನಿಗೆ ಆದ ಅಳುಕನ್ನು ಎಷ್ಟು ಸಲ ವ್ಯಾಖ್ಯಾನ ಮಾಡಿಲ್ಲ ನಾನು! ಆಗೆಲ್ಲ ಮಗನ ಪಕ್ಷದಲ್ಲಿಯೇ ನಿಂತಿದ್ದೆನು. ಈ ದಿನ ತಂದೆಯ ಸ್ಥಾನದಲ್ಲಿ ಬುಟ್ಟಿ ಹಿಡಿದು ನಿಂತಿದ್ದೆನು.

ಅತ್ಯುತ್ತಮವಾದುದನ್ನು ತಿನ್ನದೆ ಬಿಡುವ ಅಭ್ಯಾಸವು ನಮಗಿಲ್ಲವೆಂದಲ್ಲ. ಬಳ್ಳಿಯಲ್ಲಿ ನೀಟಾಗಿ ಬೆಳೆದ ಒಂದೆರಡು ಕಾಯಿಗಳನ್ನು ಗುರುತಿಟ್ಟು, ಪೂರ್ತಿ ಹಣ್ಣಾಗುವವರೆಗೆ ಬೀಜಕ್ಕೆಂದು ಬಿಡುತ್ತೇವೆ. ಎಷ್ಟು ತಾಪತ್ರಯವಿದ್ದರೂ ಅದಕ್ಕೆ ಕತ್ತಿ ಹಾಕುವವರಿಲ್ಲ. ಮುಂದಿನ ವರುಷದ ಬಳ್ಳಿಗೆ ಲೋಭವಿಲ್ಲದೆ ಕೊಡಬಲ್ಲ ಕೈ ಬೇಲಿಯಾಚೆಗೆ ಕೊಡುವಾಗಲೇ ಹುಳುಕನ್ನು ಹುಡುಕುವುದೇಕೆ? ಬೀಜವು ತಿರುಗಿ ನನ್ನ ಹಿತ್ತಲಿಗೇ ಬರುವುದರಿಂದಲೋ ಏನೋ.

ಬುಟ್ಟಿಯನ್ನು ಬರಿದು ಮಾಡಿ, ಏಣಿಯಿಟ್ಟು, ನಡುಸಾಲಿನಿಂದ ಆರು ಕಾಯಿಗಳನ್ನು ಬಿಚ್ಚಿಕೊಂಡು ಹೋದೆನು. ವೃದ್ಧೆಯು ಒಂದೊಂದನ್ನೂ ಕೈಯಲ್ಲಿ ತಿರುವಿ ನೋಡಿ, ಎಲ್ಲಕ್ಕಿಂತ ತುಂಬಿದುದೊಂದನ್ನು ಬೇರೆ ತೆಗೆದಿಟ್ಟು, “ಇದನ್ನು ಬೀಜಕ್ಕೆ ಇಡುತ್ತೇನೆ ಮಾಷ್ಟ್ರೇ, ಬಾವಿಯಲ್ಲಿ ನೀರಾಗಲಿ” ಎಂದಳು. ಉಳಿದುವುಗಳಲ್ಲಿ ಎರಡನ್ನು ನಮ್ಮ ಗುಂಡಿ ತೋಡಿದ ಆಳಿನ ಮನೆಗೆ ಕಳುಹಿಸಿದಳೆಂದು ಆಮೇಲೆ ತಿಳಿಯಿತು. ಅವನ ನೆನಪು ನನಗೆ ಬಂದಿರಲಿಲ್ಲ.