ಬಾಕಿ ಕೇಳುವದು ಪ್ರೀತಿಗೆ ವಿರೋಧವೋ?

ನಮ್ಮ ಹಳ್ಳಿಯ ಸಭೆಗಳಲ್ಲಿ ಕೈಕಸುಬಿನಿಂದ ಜೀವನ ಮಾಡುವವರು ಅನೇಕರುಂಟು. ಒಬ್ಬನು ದರ್ಜಿ, ಒಬ್ಬನು ಬಡಗಿ, ಮತ್ತೊಬ್ಬನು ಕಬ್ಬಿಣದ ಗೇಟು ಕಿಟಕಿಗಳನ್ನು ಮಾಡುವ ವೆಲ್ಡಿಂಗ್ ಅಂಗಡಿಯವನು. ಒಬ್ಬಾಕೆಯು ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡುವವಳು. ಇವರೆಲ್ಲರ ಬಾಯಿಂದ ನಾವು ಕೇಳುವ ದೂರು ಒಂದೇ. ಕೆಲಸಕ್ಕೆ ಕೊರತೆಯಿಲ್ಲ, ಆದರೆ ಮಾಡಿದ ಕೆಲಸದ ಹಣವು ಕೈಗೆ ಬರುವದಿಲ್ಲ. ಗೇಟಿಗೆ ಹಚ್ಚಿದ ಬಣ್ಣವು ಮಾಸಿಹೋದರೂ ಅದರ ಲೆಕ್ಕವು ತೀರಿರುವದಿಲ್ಲ. ಹೋಗಿ ಕೇಳಿದರೆ, ಮುಂದಿನ ವಾರ ಬಾರಪ್ಪಾ ಎನ್ನುತ್ತಾರೆ. ಮುಂದಿನ ವಾರ ಹೋದರೆ ಮನೆಯಲ್ಲಿ ಇಲ್ಲವೆಂದು ಮಕ್ಕಳಿಂದ ಹೇಳಿಸುತ್ತಾರೆ. ಹೀಗಿರಲಾಗಿ ನಮ್ಮ ಜನರಲ್ಲಿ ಒಂದು ಸಂದೇಹವು ಹುಟ್ಟಿದೆ. ಕ್ರಿಸ್ತನ ಶಿಷ್ಯನಾದವನು ತನ್ನ ಬಾಕಿಗಾಗಿ ಒತ್ತಾಯ ಮಾಡಬಹುದೋ? ಸುಮ್ಮನೆ ಬಿಟ್ಟುಬಿಡುವದೇ ಪ್ರೀತಿಯಲ್ಲವೋ?

ಕೇಳುವದಕ್ಕೆ ನಾಚುವದರ ಬೇರು ಬಹಳ ಹಿಂದಕ್ಕೆ ಹೋಗುತ್ತದೆ. ನಮ್ಮ ಉತ್ತರದ ಸೀಮೆಯ ಊರುಗಳಲ್ಲಿ ಬಡಗಿ, ಕಮ್ಮಾರ, ಅಗಸ ಮುಂತಾದ ಆಯಗಾರರು ವರುಷವೆಲ್ಲಾ ದುಡಿದು ಸುಗ್ಗಿಯಲ್ಲಿ ಕಣಕ್ಕೆ ಹೋಗಿ ತಮ್ಮ ಪಾಲಿನ ಜೋಳವನ್ನು ತರುತ್ತಿದ್ದರು. ಅದಕ್ಕೆ ಆಯವೆಂದು ಹೆಸರು. ಕೊಡುವವನು ಮೇಲಿನವನು, ಪಡೆಯುವವನು ಕೆಳಗಿನವನು; ಬಾಯಿಬಿಟ್ಟು ಕೇಳುವದು ಅಧಿಕಪ್ರಸಂಗವೆನಿಸುತ್ತಿತ್ತು. ಆ ಪದ್ಧತಿಯನ್ನು ನಾವು ಹೊಗಳುವದಿಲ್ಲ. ಆದರೂ ಅದರಲ್ಲಿ ಕೆಲಸಗಾರನು ಯಾವಾಗ ಪಡೆಯುವನೆಂಬದು ಊರಿಗೆಲ್ಲಾ ಗೊತ್ತಿತ್ತು. ಈಗಲಾದರೋ ಕಣವು ಹೋಯಿತು, ಕಾಯಿಸುವ ರೂಢಿಯು ಮಾತ್ರ ಉಳಿಯಿತು. ಹುಬ್ಬಳ್ಳಿಯ ಕಬ್ಬಿಣದ ವ್ಯಾಪಾರಿಯು ಸುಗ್ಗಿಯ ತನಕ ಕಾಯುವವನಲ್ಲ.

ಬಾಕಿಯವರು ಸತ್ಯವೇದವನ್ನೂ ತಮ್ಮ ಸಹಾಯಕ್ಕೆ ಕರೆಯುವದುಂಟು. ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಕರ್ತನು ಹೇಳಿದ ಕನಿಕರವಿಲ್ಲದ ಸೇವಕನ ಸಾಮ್ಯವು ಎಲ್ಲರಿಗೂ ತಿಳಿದದ್ದೇ. ಬಾಕಿ ಕೇಳಲು ಬಂದ ದರ್ಜಿಗೆ ಅದನ್ನು ನೆನಪಿಗೆ ತರುವವರನ್ನು ನಾವು ಬಲ್ಲೆವು. ಆದರೆ ಆ ಅರಸನು ಬಿಟ್ಟುಕೊಟ್ಟದ್ದು ತನ್ನ ಸ್ವಂತ ಹಣವನ್ನು ಎಂಬದನ್ನು ಗಮನಿಸಬೇಕು. ಆ ಸೇವಕನೋ, ಕಾಲಾವಕಾಶಕ್ಕಾಗಿ ಕಾಲಿಗೆ ಬಿದ್ದವನ ಕುತ್ತಿಗೆಯನ್ನು ಹಿಸುಕಿ ಸೆರೆಮನೆಗೆ ಹಾಕಿಸಿದನು. ಹಣ ಕೈಯಲ್ಲಿದ್ದೂ ಕೊಡದೆ ಓಡಾಡುವವನ ಮಾತು ಆ ಸಾಮ್ಯದಲ್ಲಿ ಬಂದೇ ಇಲ್ಲ.

ಸ್ವಂತ ಹಣವೆಂಬ ಮಾತನ್ನು ಸ್ವಲ್ಪ ವಿಚಾರಿಸೋಣ. ವೆಲ್ಡಿಂಗ್ ಅಂಗಡಿಯ ಸಹೋದರನು 18,000 ರೂಪಾಯಿಗೆ ಒಂದು ಗೇಟನ್ನು ಮಾಡಿಕೊಟ್ಟನೆಂದು ಇಟ್ಟುಕೊಳ್ಳಿರಿ. ಅದರಲ್ಲಿ 11,000 ರೂಪಾಯಿ ಕಬ್ಬಿಣದ ವ್ಯಾಪಾರಿಗೆ ಸಲ್ಲತಕ್ಕದ್ದು. 3,000 ಜೊತೆಗೆ ದುಡಿದ ಹುಡುಗನ ಕೂಲಿ. ವಿದ್ಯುತ್ತು, ರಾಡು, ಬಣ್ಣ ಎಂದು ಮತ್ತೆ 1,000. ಉಳಿಯುವದು 3,000. ಕರುಣೆಯಿಂದ ಬಿಟ್ಟುಕೊಡುವದಕ್ಕೆ ಇವನಿಗೆ ಅಧಿಕಾರವಿರುವದು ಈ 3,000ದ ಮೇಲೆ ಮಾತ್ರ. ಅದರಲ್ಲಿಯೂ ಹೆಂಡತಿ ಮಕ್ಕಳ ಗಂಜಿಯಿದೆ. ಸಂಕೋಚದಿಂದ 18,000ವನ್ನೂ ಕೇಳದೆ ಸುಮ್ಮನಿರುವವನು ಆ ಹುಡುಗನ ಕೂಲಿಯನ್ನು ಯಾರಿಗೋ ದಾನಮಾಡಿದಂತಾಯಿತು. ಕೂಲಿಯವನ ಕೂಲಿಯನ್ನು ಮರುದಿನದ ತನಕ ಇಟ್ಟುಕೊಳ್ಳಕೂಡದೆಂದು ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿ ವಿಧಿಸಲ್ಪಟ್ಟಿದೆ. ತಡೆಹಿಡಿದ ಕೂಲಿಯು ದೇವರಿಗೆ ಮೊರೆಯಿಡುವದೆಂದು ಯಾಕೋಬನು ತನ್ನ ಪತ್ರಿಕೆಯ 5ನೆಯ ಅಧ್ಯಾಯದಲ್ಲಿ ಎಚ್ಚರಿಸುತ್ತಾನೆ. ಪರರದನ್ನು ಕೊಟ್ಟು ಉದಾರಿಯೆನಿಸಿಕೊಳ್ಳುವದು ಕರುಣೆಯಲ್ಲ.

ಅಪೋಸ್ತಲನಾದ ಪೌಲನ ನಡತೆಯೂ ಇದಕ್ಕೆ ಒಪ್ಪುತ್ತದೆ. ಅವನು ಕೊರಿಂಥದಲ್ಲಿ ಗುಡಾರ ಮಾಡುವ ಕಸುಬಿನಿಂದ ಜೀವಿಸುತ್ತಾ ಸಭೆಯಿಂದ ತನಗೆ ಬರತಕ್ಕದ್ದನ್ನು ತೆಗೆದುಕೊಳ್ಳಲಿಲ್ಲ. ತನ್ನದನ್ನು ಬಿಟ್ಟನು, ಆದರೆ ದುಡಿಯುವವನಿಗೆ ಫಲವು ಸಲ್ಲಬೇಕೆಂಬದನ್ನು ಅದೇ ಸಭೆಗೆ ಒಂದು ಅಧ್ಯಾಯವೆಲ್ಲಾ ವಾದಿಸಿ ಬರೆದನು. ಸಹೋದರನು ಸಹೋದರನ ಮೇಲೆ ವ್ಯಾಜ್ಯಕ್ಕೆ ಹೋಗುವದಕ್ಕಿಂತ ನಷ್ಟವನ್ನು ಸಹಿಸುವದು ಲೇಸೆಂದು ಆತನೇ ಹೇಳಿದ್ದು ನಿಜ. ಇದು ಕಠಿನವಾದ ಮಾತು. ಇದನ್ನು ಸಡಿಲಿಸಲು ನಮಗೆ ಅಧಿಕಾರವಿಲ್ಲ. ಆದರೆ ಅದೇ ಸ್ಥಳದಲ್ಲಿ, ಸಹೋದರರಿಗೆ ನಷ್ಟಮಾಡುವವರನ್ನು ಆತನು ಖಂಡಿಸುತ್ತಾನೆ, ಇಂಥದನ್ನು ತೀರಿಸತಕ್ಕ ಬುದ್ಧಿವಂತನು ಸಭೆಯಲ್ಲಿ ಒಬ್ಬನಾದರೂ ಇಲ್ಲವೋ ಎಂದೂ ಕೇಳುತ್ತಾನೆ. ವ್ಯಾಜ್ಯಕ್ಕೆ ಹೋಗಬೇಡವೆಂದು ಬಡಗಿಗೆ ಬೋಧಿಸಿ, ಬಾಕಿಯವನನ್ನು ಕರೆದು ವಿಚಾರಿಸದ ಸಭಾಹಿರಿಯರು ಆ ಅಧ್ಯಾಯದ ಅರ್ಧವನ್ನಷ್ಟೇ ಓದಿದವರು.

ಸುಮ್ಮನಿರುವದರಿಂದ ಮತ್ತೊಂದು ಕೇಡುಂಟು. ಕೇಳದವನು ಮರೆಯುವದಿಲ್ಲ. ಬಾಯಲ್ಲಿ ಸ್ತೋತ್ರ, ಹೊಟ್ಟೆಯಲ್ಲಿ ಕುದಿ. ಎದುರಿಗೆ ಬಂದರೆ ಮುಖ ತಿರುಗಿಸುತ್ತಾನೆ, ಬಾವಿಯ ಕಟ್ಟೆಯಲ್ಲಿ ಅವನ ಹೆಂಡತಿಯು ಹತ್ತು ಮಂದಿಗೆ ಹೇಳುತ್ತಾಳೆ. ತಪ್ಪುಮಾಡಿದವನ ಬಳಿಗೆ ಮೊದಲು ಒಬ್ಬನೇ ಹೋಗಿ ತಿಳಿಸಬೇಕೆಂಬ ಕರ್ತನ ಕಟ್ಟಳೆಯು ಮೇಲೆ ಹೇಳಿದ ಸಾಮ್ಯವಿರುವ ಅಧ್ಯಾಯದಲ್ಲಿಯೇ ಇದೆ. ನೇರವಾಗಿ ಕೇಳುವದರಿಂದ ಹಣ ಬಾರದಿದ್ದರೂ ಹಗೆಯು ಬೆಳೆಯದು.

ಇನ್ನು ಕೇಳುವ ಕ್ರಮ. ಧರ್ಮೋಪದೇಶಕಾಂಡದ 24ನೆಯ ಅಧ್ಯಾಯದಲ್ಲಿ, ಒತ್ತೆ ತಕ್ಕೊಳ್ಳುವ ಸಾಲಗಾರನು ಸಾಲ ತಕ್ಕೊಂಡವನ ಮನೆಯೊಳಗೆ ನುಗ್ಗದೆ ಹೊರಗೆ ನಿಲ್ಲಬೇಕೆಂಬ ವಿಧಿಯುಂಟು. ಇದರ ಮರ್ಯಾದೆಯು ದೊಡ್ಡದು. ಬೀದಿಯಲ್ಲಿ ನಿಂತು ಕೂಗುವದು, ಆರಾಧನೆ ಮುಗಿದೊಡನೆ ದೇವಾಲಯದ ಬಾಗಿಲಲ್ಲಿ ತಡೆಯುವದು, ಫೋನಿನ ಗುಂಪುಗಳಲ್ಲಿ ಹೆಸರು ಹಾಕುವದು ಇವು ಕೂಡವು. ಕೆಲಸ ಒಪ್ಪಿಕೊಳ್ಳುವಾಗಲೇ ಸಾಮಾನಿನ ಹಣವನ್ನು ಮುಂಗಡವಾಗಿ ಕೇಳಿರಿ. ಕೆಲಸ ಒಪ್ಪಿಸಿದ ದಿನವೇ ಮೊತ್ತವನ್ನೂ ಕೊಡಬೇಕಾದ ತಾರೀಖನ್ನೂ ಬರೆದ ಚೀಟಿಯನ್ನು ಕೊಡಿರಿ. ಯಾವಾಗಲಾದರೂ ಕೊಡು ಎಂದು ಹೇಳುವದು ವಿನಯವಲ್ಲ. ಅದು ಬಾಕಿಯವನನ್ನು ಶೋಧನೆಗೆ ಒಳಪಡಿಸುವದು. ತಾರೀಖು ದಾಟಿದ ಮರುದಿನ ಹೋಗಿ ಮೆಲ್ಲಗೆ ಕೇಳಿದರೆ ಆರು ತಿಂಗಳ ಮೇಲೆ ಸಿಟ್ಟಿನಿಂದ ಕೇಳುವ ಪ್ರಮೇಯವು ಬಾರದು. ಶುಕ್ರವಾರ ಲಕ್ಷ್ಮಿಯನ್ನು ಹೊರಗೆ ಕೊಡಬಾರದು, ದೀಪ ಹಚ್ಚಿದ ಮೇಲೆ ಹಣ ಎಣಿಸಬಾರದು ಎಂಬ ನೆವಗಳು ನಮ್ಮ ಸಭೆಯವರ ಬಾಯಲ್ಲಿಯೂ ಬರುವದು ವಿಚಿತ್ರವೇ. ವಿಗ್ರಹಗಳನ್ನು ಬಿಟ್ಟೆವು, ಕೊಡದಿರುವದಕ್ಕೆ ಅನುಕೂಲವಾದದ್ದನ್ನು ಮಾತ್ರ ಇಟ್ಟುಕೊಂಡೆವು!

ಸರಕಾರದ ಕಾನೂನನ್ನೂ ತಿಳಿದಿರುವದು ಒಳ್ಳೇದು. ತಾರೀಖನ್ನು ಗೊತ್ತುಮಾಡದ ಕೆಲಸದ ಬಾಕಿಗೆ, 1963ರ ಕಾಲಪರಿಮಿತಿ ಕಾಯಿದೆಯ ಮೇರೆಗೆ, ಕೆಲಸ ಮುಗಿದ ದಿನದಿಂದ 3 ವರ್ಷದೊಳಗೆ ದಾವೆ ಹಾಕಬೇಕು. ಅಷ್ಟರೊಳಗೆ ಬಾಕಿಯವನು ಇಷ್ಟು ಕೊಡುವದುಂಟೆಂದು ಬರೆದು ಸಹಿ ಹಾಕಿದರೆ ಅಂದಿನಿಂದ ಮತ್ತೆ ಹೊಸದಾಗಿ 3 ವರ್ಷವಾಗುತ್ತದೆ. ಬರೆಸಿಕೊಳ್ಳುವದು ಅಪನಂಬಿಕೆಯೆಂದು ಹಲವರು ನೊಂದುಕೊಳ್ಳುತ್ತಾರೆ. ಆದರೆ ಒನೇಸಿಮನು ಮಾಡಿದ ನಷ್ಟವನ್ನು ತನ್ನ ಲೆಕ್ಕಕ್ಕೆ ಹಾಕಿಕೊಳ್ಳೆಂದು ಪೌಲನು ತನ್ನ ಸ್ವಂತ ಕೈಯಿಂದಲೇ ಫಿಲೆಮೋನನಿಗೆ ಬರೆದುಕೊಟ್ಟನು. ಶಾಲೆ, ಕಾರಖಾನೆ ಮೊದಲಾದ ದೊಡ್ಡವರಿಗೆ ಸರಕು ಮಾಡಿ ಕೊಡುವ ಸಣ್ಣ ಉದ್ಯೋಗಸ್ಥರಿಗೆ 2006ರ ಕಾಯಿದೆಯೊಂದು ಆಸರೆಯಾಗಿದೆ. ಕರಾರು ಹೇಗಿದ್ದರೂ 45 ದಿನಕ್ಕೆ ಮೀರಿ ಹಣವನ್ನು ತಡೆಯಲಾಗದು. ತಡೆದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿಯನ್ನು ಕೊಡಬೇಕು. ಈ ಆಸರೆ ಬೇಕಾದವರು ಸರಕನ್ನು ಕೊಡುವದಕ್ಕೆ ಮುಂಚೆಯೇ ಉದ್ಯಮ್ ನೋಂದಣಿಯನ್ನು ಮಾಡಿಸಿಕೊಂಡಿರಬೇಕು, ಅದಕ್ಕೆ ಶುಲ್ಕವಿಲ್ಲ.

ಕೊಡಲಾರದವನ ಮಾತು ಬೇರೆ. ಮಳೆ ಬಾರದೆ ಬೆಳೆ ಒಣಗಿದ ವರುಷ, ಮನೆಯಲ್ಲಿ ರೋಗವಿರುವಾಗ, ತಾರೀಖನ್ನು ಮುಂದಕ್ಕೆ ಹಾಕುವದೂ ತಿಂಗಳಿಗೆ ಸ್ವಲ್ಪ ಸ್ವಲ್ಪವಾಗಿ ತೆಗೆದುಕೊಳ್ಳುವದೂ ಹಣಕ್ಕೆ ಬದಲಾಗಿ ಒಂದು ಚೀಲ ಜೋಳವನ್ನು ಪೇಟೆಯ ಧಾರಣೆಗೆ ಹಿಡಿಯುವದೂ ನಮ್ಮ ಧರ್ಮ. ಅಂಥವನು ತಾನಾಗಿ ಬಂದು ಹೇಳಬೇಕು; ಅಡಗಿಕೊಳ್ಳಬಾರದು. ಬಿಟ್ಟುಕೊಡುವದಾದರೆ ಅವನ ಎದುರಿಗೆ ಚೀಟಿಯನ್ನು ಹರಿದುಹಾಕಿ ಬಿಟ್ಟುಕೊಡಿರಿ. ಅರ್ಧ ಬಿಟ್ಟು ಅರ್ಧ ಹಂಗಿಸುವದು ಬೇಡ.

ಕೊಡಬಲ್ಲವನನ್ನು ಕುರಿತು ಮಾತ್ರ ನಾವು ಸಭಾಹಿರಿಯರಿಗೆ ಒಂದು ಬಿನ್ನಹ ಮಾಡುತ್ತೇವೆ. ಬೆಳೆಹಬ್ಬದ ಲಿಲಾವಿನಲ್ಲಿ ಒಂದು ಕುಂಬಳಕಾಯಿಯನ್ನು 2,000 ರೂಪಾಯಿಗೆ ಕೂಗುವವನನ್ನು ಕಂಡು ಎಲ್ಲರೂ ಸಂತೋಷಪಡುತ್ತಾರೆ. ಅವನ ಮಕ್ಕಳ ಬಟ್ಟೆಯನ್ನು ಹೊಲಿದುಕೊಟ್ಟ ದರ್ಜಿಯು ಹಿಂದಿನ ಸಾಲಿನಲ್ಲಿ ಕೂತು ನೋಡುತ್ತಿರುತ್ತಾನೆ. ಕಾಣಿಕೆಯನ್ನು ವೇದಿಯ ಮುಂದೆ ಬಿಟ್ಟು ಮೊದಲು ಸಹೋದರನ ಬಳಿಗೆ ಹೋಗೆಂದು ಕರ್ತನು ಹೇಳಿದ್ದು ಇಂಥ ದಿನಕ್ಕೇ ಸರಿ. ಇದನ್ನು ಬಲ್ಲ ಖಜಾಂಚಿಯು ಆ ಹಣವನ್ನು ಎಣಿಸುವದಕ್ಕೆ ಮುಂಚೆ ಅವನನ್ನು ಬದಿಗೆ ಕರೆದು, ಅಣ್ಣಾ, ಇದು ಆ ಕುಂಬಳಕಾಯಿಯ ಜೊತೆಗೆ ಇಲ್ಲೇ ಇರಲಿ, ನೀವು ದರ್ಜಿಯ ಮನೆಗೆ ಹೋಗಿ ಬನ್ನಿರಿ, ನಾನು ಕಾದಿರುತ್ತೇನೆ ಎಂದು ಹೇಳಬಹುದು.